ರೈಲು ಹೊರಟಾಗಿತ್ತು: ಮೊದಲ ಮಹಾಯುದ್ಧ ಯಾಕೆ ನಿಲ್ಲಲಿಲ್ಲ?

ಪ್ರಶ್ನೆ: ನನ್ನ ಮಗಳು ಹೈಸ್ಕೂಲಿನಲ್ಲಿದ್ದಾಳೆ. ಮೊದಲ ಮಹಾಯುದ್ಧದ ಪಾಠದಲ್ಲಿ 'ತಕ್ಷಣದ ಕಾರಣ: ಆಸ್ಟ್ರಿಯಾದ ರಾಜಕುಮಾರನ ಕೊಲೆ' ಎಂದಿದೆ. ಅವಳು ನನ್ನನ್ನು ಮೂರು ಪ್ರಶ್ನೆ ಕೇಳಿದಳು. ಒಬ್ಬನನ್ನು ಕೊಂದರೆ ಅಷ್ಟೊಂದು ದೇಶಗಳು ಯಾಕೆ ಹೊಡೆದಾಡಬೇಕು? ನಾಲ್ಕು ವರ್ಷ ಯಾಕೆ ಎಳೆಯಿತು? ಒಪ್ಪಂದ ಆದ ಮೇಲೂ ಇಪ್ಪತ್ತೇ ವರ್ಷಕ್ಕೆ ಇನ್ನೊಂದು ಯುದ್ಧ ಯಾಕೆ ಬಂತು? ನನಗೆ ಒಂದಕ್ಕೂ ಉತ್ತರ ಹೊಳೆಯಲಿಲ್ಲ. ದಯವಿಟ್ಟು ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಉತ್ತರ: ಉತ್ತರ ಹೊಳೆಯಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಮಗಳು ಕೇಳಿದ್ದನ್ನೇ ಇತಿಹಾಸಕಾರರು ನೂರು ವರ್ಷದಿಂದ ಕೇಳುತ್ತಾ ಇದ್ದಾರೆ. ಪಾಠದಲ್ಲಿ ಸಾಮ್ರಾಜ್ಯದ ಆಸೆ, ಸೈನ್ಯದ ಪೈಪೋಟಿ, ಗುಪ್ತ ಒಪ್ಪಂದ, ಉಗ್ರ ರಾಷ್ಟ್ರೀಯತೆ ಅಂತ ಒಂದು ಪಟ್ಟಿ ಇರುತ್ತದೆ. ಅದು ಸುಳ್ಳಲ್ಲ. ಆದರೆ ಆ ಪಟ್ಟಿ ಓದಿದರೆ ಯುದ್ಧ ಮುಂಗಾರಿನ ಹಾಗೆ ತಾನಾಗಿಯೇ ಬಂತು ಅನ್ನಿಸಿಬಿಡುತ್ತದೆ. ಅದು ಹಾಗೆ ಬಂದದ್ದಲ್ಲ. ಕೆಲವೇ ಜನ ಕೆಲವೇ ದಿನಗಳಲ್ಲಿ ಒಂದೊಂದು ಕಾಗದಕ್ಕೆ ಸಹಿ ಹಾಕಿ ತಂದದ್ದು.

ನಾನು ಈ ಪಾಠ ಮಾಡುವಾಗ ರೈಲು ಹಳಿ ಹಿಡಿದು ಹೋಗುತ್ತೇನೆ. ಮೂರೂ ಪ್ರಶ್ನೆಗಳು ಆ ಹಳಿಯ ಮೇಲೆಯೇ ಸಿಗುತ್ತವೆ.

ಮೊದಲು ಕೊಲೆ. 1914ರ ಜೂನ್ 28, ಭಾನುವಾರ, ಬೋಸ್ನಿಯಾದ ಸರಾಯೆವೊ ಊರು. ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯದ ಉತ್ತರಾಧಿಕಾರಿ ಫ್ರಾನ್ಜ್ ಫರ್ಡಿನಾಂಡ್ ಹೆಂಡತಿ ಸೋಫಿಯ ಜೊತೆ ತೆರೆದ ಕಾರಿನಲ್ಲಿ ಬರುತ್ತಿದ್ದ. ರಾಜಕುಮಾರ ಅಂದಾಕ್ಷಣ ಹುಡುಗ ಅಂದುಕೊಳ್ಳಬೇಡಿ, ಅವನಿಗೆ ಆಗಲೇ ಐವತ್ತು. ಬೆಳಿಗ್ಗೆ ಒಬ್ಬ ಬಾಂಬ್ ಎಸೆದ. ಅದು ಕಾರಿನಿಂದ ಪುಟಿದು ಹಿಂದಿನ ಕಾರಿನವರಿಗೆ ಗಾಯ ಮಾಡಿತು. ಅಷ್ಟಾದ ಮೇಲೂ ಸಮಾರಂಭ ಮುಗಿಸಿದರು. ಗಾಯಗೊಂಡವರನ್ನು ಆಸ್ಪತ್ರೆಯಲ್ಲಿ ನೋಡಿ ಬರೋಣ ಅಂತ ಹೊರಟರು. ದಾರಿ ಬದಲಾಗಿದೆ ಅಂತ ಡ್ರೈವರಿಗೆ ಯಾರೂ ಹೇಳಲೇ ಇಲ್ಲ. ಅವನು ಹಳೆಯ ದಾರಿಗೆ ತಿರುಗಿಸಿದ. ಹಿಂದಿನಿಂದ ಕೂಗಿದರು, ಬ್ರೇಕ್ ಹಾಕಿದ. ಕಾರು ನಿಂತದ್ದು 19 ವರ್ಷದ ಗಾವ್ರಿಲೊ ಪ್ರಿನ್ಸಿಪ್‌ನ ಎದುರಿಗೇ. ಅವನು ಎರಡು ಗುಂಡು ಹಾರಿಸಿದ, ಗಂಡ ಹೆಂಡತಿ ಇಬ್ಬರೂ ಸತ್ತರು. (ಅವನು ಆಗ ಸ್ಯಾಂಡ್‌ವಿಚ್ ತಿನ್ನುತ್ತಾ ನಿಂತಿದ್ದ ಅಂತ ಮೊಬೈಲಿನಲ್ಲಿ ಒಂದು ಕಥೆ ಓಡಾಡುತ್ತದೆ. ಅದು ಸುಮ್ನೆ ಕಟ್ಟಿದ್ದು.)

ಇಪ್ಪತ್ತು ತುಂಬಿರಲಿಲ್ಲವಾದ್ದರಿಂದ ಪ್ರಿನ್ಸಿಪ್‌ಗೆ ಗಲ್ಲು ಆಗಲಿಲ್ಲ, ಇಪ್ಪತ್ತು ವರ್ಷ ಜೈಲಾಯಿತು. 1918ರ ಏಪ್ರಿಲ್‌ನಲ್ಲಿ, ಯುದ್ಧ ಇನ್ನೂ ನಡೆಯುತ್ತಿರುವಾಗಲೇ, ಜೈಲಿನಲ್ಲಿ ಕ್ಷಯದಿಂದ ಸತ್ತ.

ಈಗ ನಿಮ್ಮ ಮಗಳಿಗೆ ಒಂದು ವಿಷಯ ಹೇಳಿ. ಕೊಲೆ ಆದದ್ದು ಜೂನ್ 28ಕ್ಕೆ, ಮೊದಲ ಯುದ್ಧ ಘೋಷಣೆ ಆದದ್ದು ಜುಲೈ 28ಕ್ಕೆ. ನಡುವೆ ಒಂದು ತಿಂಗಳಿದೆ. ಸಿಟ್ಟಿನಲ್ಲಿ ಕೈ ಎತ್ತಿದ್ದಾದರೆ ಒಂದು ತಿಂಗಳು ಯಾರು ಕಾಯುತ್ತಾರೆ? ಕೊಲೆಗಾರರಿಗೆ ಪಿಸ್ತೂಲು, ಬಾಂಬು ಸಿಕ್ಕಿದ್ದು ಪಕ್ಕದ ದೇಶ ಸೆರ್ಬಿಯಾದಲ್ಲಿ. ಆಸ್ಟ್ರಿಯಾಕ್ಕೆ ಸೆರ್ಬಿಯಾವನ್ನು ಬಗ್ಗಿಸಲು ಬಹಳ ದಿನದಿಂದ ಒಂದು ನೆಪ ಬೇಕಿತ್ತು. ಆದರೆ ಸೆರ್ಬಿಯಾದ ಬೆನ್ನಿಗೆ ರಷ್ಯಾ ಇತ್ತು. ಅದಕ್ಕೇ ಆಸ್ಟ್ರಿಯಾದವರು ಬರ್ಲಿನ್ನಿಗೆ ಹೋಗಿ ಕೇಳಿದರು. ಜುಲೈ 5ರಂದು ಜರ್ಮನಿಯ ಚಕ್ರವರ್ತಿ ಎರಡನೇ ವಿಲ್ಹೆಲ್ಮ್ 'ಏನೇ ಆಗಲಿ, ನಾವಿದ್ದೇವೆ' ಎಂದ. ಮೊತ್ತ ಬರೆಯದ ಚೆಕ್ಕಿಗೆ ಸಹಿ ಹಾಕಿದ ಹಾಗೆ.

ಅಷ್ಟಾದರೂ ಆಸ್ಟ್ರಿಯಾ ಹೊರಡಲಿಲ್ಲ. ಯಾಕೆ ಗೊತ್ತಾ? ಸೈನಿಕರಲ್ಲಿ ಬಹಳ ಜನ ಕೊಯ್ಲಿನ ರಜೆಗೆ ಊರಿಗೆ ಹೋಗಿದ್ದರು. ಫ್ರಾನ್ಸಿನ ಅಧ್ಯಕ್ಷ ಬೇರೆ ರಷ್ಯಾಕ್ಕೆ ಭೇಟಿ ಕೊಟ್ಟಿದ್ದ. ಅವನೂ ರಷ್ಯಾದ ಚಕ್ರವರ್ತಿಯೂ ಒಂದೇ ಊರಲ್ಲಿ ಕೂತಿರುವಾಗ ಬೇಡ, ಅವನು ಹಡಗು ಹತ್ತಲಿ ಅಂತ ಕಾದರು. ಜುಲೈ 23ಕ್ಕೆ ಸೆರ್ಬಿಯಾಕ್ಕೆ ಹತ್ತು ಬೇಡಿಕೆಗಳ ಪತ್ರ ಹೋಯಿತು, ಗಡುವು 48 ಗಂಟೆ. ಸೆರ್ಬಿಯಾ ಬಹುಪಾಲು ಒಪ್ಪಿತು. 'ನಮ್ಮ ನೆಲಕ್ಕೆ ಬಂದು ನೀವೇ ತನಿಖೆ ಮಾಡುವುದು ಬೇಡ' ಅಂದದ್ದೇ ಮುಖ್ಯವಾದ ತಕರಾರು. ಆ ಉತ್ತರ ಓದಿದ ವಿಲ್ಹೆಲ್ಮ್ 'ಇನ್ನು ಯುದ್ಧಕ್ಕೆ ಕಾರಣವೇ ಉಳಿದಿಲ್ಲ' ಎಂದು ಅಂಚಿನಲ್ಲಿ ಬರೆದ. ಅದು ಜುಲೈ 28ರ ಬೆಳಿಗ್ಗೆ. ಅದೇ ದಿನ ಆಸ್ಟ್ರಿಯಾ ಯುದ್ಧ ಘೋಷಿಸಿತು.

ಇಲ್ಲಿಂದ ರೈಲು ಶುರು.

ಆಗಿನ ಯೂರೋಪಿನಲ್ಲಿ ಸೈನ್ಯದ ಬಹುಪಾಲು ಜನ ಮನೆಯಲ್ಲಿರುತ್ತಿದ್ದರು. ರೈತ, ಗುಮಾಸ್ತ, ಮೇಷ್ಟ್ರು. ಎರಡು ಮೂರು ವರ್ಷ ತರಬೇತಿ ಮುಗಿಸಿ ವಾಪಸು ಹೋದವರು. ಯುದ್ಧ ಅಂದರೆ ಅವರನ್ನೆಲ್ಲ ಕರೆಸಿ, ಬಟ್ಟೆ ಬಂದೂಕು ಕೊಟ್ಟು, ಕುದುರೆ, ತೋಪು, ಮೇವು, ರೊಟ್ಟಿ ಸಮೇತ ಗಡಿಗೆ ಸಾಗಿಸಬೇಕು. ಇದೇ ಸೈನ್ಯ ಜಮಾವಣೆ. ಲಾರಿ ಇನ್ನೂ ಕಡಿಮೆ, ಎಲ್ಲಾ ರೈಲಿನಲ್ಲೇ ಹೋಗಬೇಕು. ಯಾವ ರೈಲು ಯಾವ ಹಳಿಯ ಮೇಲೆ ಎಷ್ಟು ಗಂಟೆಗೆ ಅಂತ ವರ್ಷಗಟ್ಟಲೆ ಕೂತು ಟೈಂಟೇಬಲ್ ಮಾಡಿದ್ದರು. ಯಾರು ಮೊದಲು ಜಮಾಯಿಸುತ್ತಾರೋ ಅವರಿಗೇ ಗೆಲುವು ಅಂತ ಎಲ್ಲರ ನಂಬಿಕೆ. ಹಾಗಾಗಿ ಪಕ್ಕದವನು ರೈಲು ಹೊರಡಿಸಿದ ಅಂತ ಗೊತ್ತಾದರೆ ನಾವು ಸುಮ್ಮನಿರುವ ಹಾಗಿಲ್ಲ. ಒಂದು ದಿನ ತಡವಾದರೆ ಗಡಿ ಹೋಯಿತು.

ರಷ್ಯಾದ ಚಕ್ರವರ್ತಿ ಎರಡನೇ ನಿಕೊಲಾಸ್‌ಗೆ ಯುದ್ಧ ಬೇಕಿರಲಿಲ್ಲ. ಈ ಅರಸರೆಲ್ಲ ನೆಂಟರೇ ಎನ್ನುವುದು ನಿಮ್ಮ ಮಗಳಿಗೆ ಹಿಡಿಸಬಹುದು. ಇಂಗ್ಲೆಂಡಿನ ಐದನೇ ಜಾರ್ಜ್ ನಿಕೊಲಾಸ್‌ಗೆ ದೊಡ್ಡಮ್ಮನ ಮಗ. ವಿಲ್ಹೆಲ್ಮ್ ಜಾರ್ಜ್‌ಗೆ ಸೋದರತ್ತೆ ಮಗ. ನಿಕೊಲಾಸ್ ಮತ್ತು ವಿಲ್ಹೆಲ್ಮ್ 'ನಿಕಿ', 'ವಿಲಿ' ಅಂತ ಸಹಿ ಹಾಕಿ ತಂತಿ ಕಳಿಸಿಕೊಳ್ಳುತ್ತಿದ್ದರು. ಜುಲೈ 29ರ ರಾತ್ರಿ ವಿಲಿಯ ತಂತಿ ನೋಡಿ ನಿಕಿ ಪೂರ್ತಿ ಜಮಾವಣೆಯ ಆಜ್ಞೆಯನ್ನು ರದ್ದು ಮಾಡಿದ. ಬರೀ ಆಸ್ಟ್ರಿಯಾದ ಗಡಿಗೆ ಸಾಕು ಎಂದ. ಸೇನಾಪತಿಗಳು ತಲೆ ಚಚ್ಚಿಕೊಂಡರು. ಅರ್ಧ ಜಮಾವಣೆ ಅಂತ ಯೋಜನೆಯೇ ಸರಿಯಾಗಿಲ್ಲ, ಈಗ ಅರ್ಧ ಹೊರಡಿಸಿದರೆ ಹಳಿಗಳೆಲ್ಲ ಗೋಜಲಾಗುತ್ತವೆ, ಆಮೇಲೆ ಪೂರ್ತಿ ಬೇಕೆಂದರೂ ಆಗುವುದಿಲ್ಲ ಎಂದರು. ಮರುದಿನ ಅವನು ಪೂರ್ತಿ ಜಮಾವಣೆಗೆ ಒಪ್ಪಿದ.

ಜರ್ಮನಿಯ ಗೋಳು ಇನ್ನೂ ವಿಚಿತ್ರ. ಅದಕ್ಕೆ ಪೂರ್ವಕ್ಕೆ ರಷ್ಯಾ, ಪಶ್ಚಿಮಕ್ಕೆ ಫ್ರಾನ್ಸ್, ಇಬ್ಬರೂ ಒಬ್ಬರಿಗೊಬ್ಬರು ಮಿತ್ರರು. ರಷ್ಯಾದ ರೈಲು ನಿಧಾನ, ಅವರು ಬರುವುದು ತಡ. ಅಷ್ಟರಲ್ಲಿ ಬೆಲ್ಜಿಯಂ ಮೇಲೆ ಹಾದು ಆರು ವಾರದಲ್ಲಿ ಫ್ರಾನ್ಸನ್ನು ಮುಗಿಸಿ, ಆಮೇಲೆ ಪೂರ್ವಕ್ಕೆ ತಿರುಗುವುದು ಅಂತ ಅವರ ಯೋಜನೆ. ಇದಕ್ಕೆ ಹಳೆಯ ಸೇನಾಪತಿ ಶ್ಲೀಫೆನ್‌ನ ಹೆಸರಿದೆ. ಅಂದರೆ ಜಗಳ ರಷ್ಯಾದ ಜೊತೆಗಾದರೂ ಮೊದಲ ಏಟು ಬೀಳುವುದು ಫ್ರಾನ್ಸಿಗೆ, ಅದೂ ಯಾರ ತಂಟೆಗೂ ಹೋಗದ ಬೆಲ್ಜಿಯಂ ದಾಟಿ!

ಆಗಸ್ಟ್ 1ರ ಸಂಜೆ ಲಂಡನ್ನಿಂದ ಒಂದು ತಂತಿ ಬಂತು. ಫ್ರಾನ್ಸಿನ ಮೇಲೆ ಹೋಗದಿದ್ದರೆ ಬ್ರಿಟನ್ ಸುಮ್ಮನಿರಬಹುದು ಅನ್ನುವ ಹಾಗಿತ್ತು. ವಿಲ್ಹೆಲ್ಮ್‌ಗೆ ಖುಷಿಯೋ ಖುಷಿ. ಸೇನಾಪತಿ ಮೋಲ್ಟ್ಕೆಯನ್ನು ಕರೆದು, 'ಸರಿ, ಸೈನ್ಯವನ್ನೆಲ್ಲ ಪೂರ್ವಕ್ಕೆ ತಿರುಗಿಸಿ' ಎಂದ. ಮೋಲ್ಟ್ಕೆ ಕುಸಿದುಹೋದ. ಆಗುವುದಿಲ್ಲ, ಇದು ಒಂದು ವರ್ಷದ ಶ್ರಮ, ಒಮ್ಮೆ ಹೊರಟಿದ್ದನ್ನು ಬದಲಾಯಿಸಲಾಗದು ಎಂದ. ಅವನ ದೊಡ್ಡಪ್ಪನೂ ಹೆಸರಾಂತ ಸೇನಾಪತಿ. 'ನಿಮ್ಮ ದೊಡ್ಡಪ್ಪ ಇದ್ದಿದ್ದರೆ ಬೇರೆ ಉತ್ತರ ಕೊಡುತ್ತಿದ್ದರು' ಎಂದ ಚಕ್ರವರ್ತಿ. ಆ ತಂತಿಯೇ ತಪ್ಪು ತಿಳಿವಳಿಕೆ ಅಂತ ರಾತ್ರಿಯ ಹೊತ್ತಿಗೆ ಗೊತ್ತಾಯಿತು. ಆದರೆ ಅದಕ್ಕೂ ಮುಂಚೆ, ಸಂಜೆ ಏಳರ ಸುಮಾರಿಗೇ, ಜರ್ಮನ್ ಸೈನಿಕರು ಕಾರಿನಲ್ಲಿ ಬಂದು ಲಕ್ಸೆಂಬರ್ಗಿನ ಒಂದು ಪುಟ್ಟ ರೈಲ್ವೆ ಸ್ಟೇಷನ್ ಹಿಡಿದಿದ್ದರು. ಯುದ್ಧ ಮುಗಿದು ಕೆಲವು ವರ್ಷದ ಮೇಲೆ ಜರ್ಮನ್ ಸೇನೆಯ ರೈಲ್ವೆ ವಿಭಾಗದ ಮುಖ್ಯಸ್ಥನೇ ಪುಸ್ತಕ ಬರೆದು, ಕೇಳಿದ್ದರೆ ನಾನು ತಿರುಗಿಸಿ ಕೊಡುತ್ತಿದ್ದೆ ಅಂತ ಲೆಕ್ಕ ಸಮೇತ ತೋರಿಸಿದ. ಅಂದರೆ ರೈಲು ಯಾರನ್ನೂ ಕಟ್ಟಿಹಾಕಿರಲಿಲ್ಲ. ಕಟ್ಟಿಹಾಕಿದೆ ಅಂತ ನಂಬಿದ್ದರು, ಅಥವಾ ಹಾಗೆ ಹೇಳುವುದು ಅವರಿಗೆ ಅನುಕೂಲವಾಗಿತ್ತು. ನನ್ನ ಮಟ್ಟಿಗೆ ಮೊದಲ ಪ್ರಶ್ನೆಯ ಉತ್ತರ ಇಲ್ಲಿದೆ.

ಮುಂದಿನದೆಲ್ಲ ಸರಸರ ಆಯಿತು. ಆಗಸ್ಟ್ 1ಕ್ಕೆ ರಷ್ಯಾದ ಮೇಲೆ, 3ಕ್ಕೆ ಫ್ರಾನ್ಸಿನ ಮೇಲೆ ಜರ್ಮನಿಯ ಘೋಷಣೆ. 4ಕ್ಕೆ ಬೆಲ್ಜಿಯಂ ಪ್ರವೇಶ. ಬೆಲ್ಜಿಯಂ ತಂಟೆಗೆ ಯಾರೂ ಹೋಗಬಾರದು ಅಂತ 1839ರಲ್ಲೇ ಒಪ್ಪಂದವಾಗಿತ್ತು, ಅದಕ್ಕೆ ಬ್ರಿಟನ್ ಸಹಿಯೂ ಇತ್ತು. ಅದೇ ರಾತ್ರಿ ಬ್ರಿಟನ್ನೂ ಇಳಿಯಿತು. ಬ್ರಿಟನ್ ಇಳಿಯಿತು ಅಂದರೆ ನಾವೂ ಇಳಿದ ಹಾಗೆ. ವೈಸರಾಯ್ ಯುದ್ಧ ಘೋಷಿಸುವಾಗ ಒಬ್ಬ ಭಾರತೀಯನನ್ನೂ ಕೇಳಲಿಲ್ಲ.

ಜರ್ಮನಿ ಸುಮಾರು 11,000 ರೈಲುಗಳಲ್ಲಿ ಮೂವತ್ತು ಲಕ್ಷಕ್ಕೂ ಜಾಸ್ತಿ ಜನರನ್ನು ಸಾಗಿಸಿತು. ಕಲೋನ್ ಊರಿನಲ್ಲಿ ರೈನ್ ನದಿಯ ಸೇತುವೆ ಮೇಲೆ ಹತ್ತು ನಿಮಿಷಕ್ಕೊಂದರಂತೆ ಎರಡು ವಾರ ರೈಲು ಓಡಿದವು. ಎಲೆ ಉದುರುವ ಮುಂಚೆ ಮನೆಗೆ ಬರುತ್ತೀರಿ ಅಂತ ವಿಲ್ಹೆಲ್ಮ್ ಸೈನಿಕರಿಗೆ ಹೇಳಿ ಕಳಿಸಿದ.

ಈಗ ಎರಡನೇ ಪ್ರಶ್ನೆ. ಯಾಕೆ ಎಳೆಯಿತು?

ಜರ್ಮನ್ನರು ಪ್ಯಾರಿಸ್ ಹತ್ತಿರದ ಮಾರ್ನ್ ನದಿಯವರೆಗೆ ಬಂದರು. ರೈಲು ಅವರನ್ನು ಗಡಿಯವರೆಗೆ ತಂದು ಬಿಟ್ಟಿತ್ತು ಅಷ್ಟೇ. ಬೆಲ್ಜಿಯನ್ನರು ಹಳಿ, ಸೇತುವೆ ಒಡೆದಿದ್ದರು. ಅಲ್ಲಿಂದ ಮುಂದೆ ಬೆನ್ನ ಮೇಲೆ ಮೂಟೆ ಹೊತ್ತು ಆಗಸ್ಟಿನ ಸೆಕೆಯಲ್ಲಿ ನಡಿಗೆ. ಫ್ರೆಂಚರ ಹಳಿಗಳೆಲ್ಲ ಪ್ಯಾರಿಸ್ಸಿಗೆ ಸೇರುತ್ತಿದ್ದವು, ಹಾಗಾಗಿ ಅವರು ಸೈನ್ಯವನ್ನು ಬೇಕಾದ ಕಡೆಗೆ ರೈಲಿನಲ್ಲಿ ತಂದರು. ಪ್ಯಾರಿಸ್ಸಿನ ಟ್ಯಾಕ್ಸಿಗಳು ಸೈನಿಕರನ್ನು ಹೊತ್ತ ಕಥೆ ಎಲ್ಲರಿಗೂ ಗೊತ್ತು. ಟ್ಯಾಕ್ಸಿಯಲ್ಲಿ ಹೋದವರು ಕೆಲವೇ ಸಾವಿರ, ಕೆಲಸ ಮಾಡಿದ್ದು ರೈಲು. ಸೆಪ್ಟೆಂಬರಿನಲ್ಲಿ ಜರ್ಮನ್ನರು ಹಿಂದೆ ಸರಿದು ನೆಲ ತೋಡಿ ಕೂತರು. ಎದುರಿನವರೂ ತೋಡಿದರು. ವರ್ಷ ಮುಗಿಯುವ ಹೊತ್ತಿಗೆ ಸಮುದ್ರದಿಂದ ಸ್ವಿಟ್ಜರ್ಲೆಂಡ್ ಗಡಿಯವರೆಗೆ ಸುಮಾರು 700 ಕಿಲೋಮೀಟರ್ ಕಂದಕ. ಮುಂದಿನ ಮೂರು ವರ್ಷಕ್ಕೂ ಹೆಚ್ಚು ಕಾಲ ಯಾರು ಎಷ್ಟು ದಾಳಿ ಮಾಡಿದರೂ ಆ ಗೆರೆ ಆಚೆ ಈಚೆ ಕೆಲವು ಮೈಲಿ ಅಲುಗಿತು ಅಷ್ಟೇ.

ಮಷಿನ್‌ಗನ್, ಮುಳ್ಳುತಂತಿ ಇದ್ದದ್ದಕ್ಕೆ ಹೀಗಾಯಿತು ಅನ್ನುತ್ತಾರೆ. ಹೌದು. ಆದರೆ ಅಷ್ಟೇ ಅಲ್ಲ. ಮೊದಲ ಕಂದಕವನ್ನು ಹಿಡಿಯುವುದು ಎಷ್ಟೋ ಸಲ ಸಾಧ್ಯವಾಯಿತು. ಕಷ್ಟವಿದ್ದದ್ದು ಆಮೇಲೆ. ದಾಳಿ ಮಾಡಿದವನು ತನ್ನದೇ ತೋಪು ಉತ್ತು ಹಾಕಿದ ಕೆಸರಿನಲ್ಲಿ ಕಾಲೆಳೆಯುತ್ತಾ ಮುಂದೆ ಹೋಗಬೇಕು. ಗುಂಡು, ನೀರು, ಊಟ ಎಲ್ಲಾ ಹೆಗಲ ಮೇಲೆ. ಟೆಲಿಫೋನ್ ತಂತಿ ಹರಿದುಹೋಗಿರುತ್ತದೆ, ಹಿಂದಿರುವ ಸೇನಾಪತಿಗೆ ಮುಂದಿನವರು ಎಲ್ಲಿದ್ದಾರೆ ಅಂತಲೇ ಗೊತ್ತಿಲ್ಲ. ಕಾಪಾಡಿಕೊಳ್ಳುವವನ ಬೆನ್ನ ಹಿಂದೆ ರೈಲು ಹಳಿ ಇದೆ. ತೂತು ಬಿದ್ದ ಕಡೆಗೆ ಒಂದೇ ರಾತ್ರಿಯಲ್ಲಿ ಹೊಸ ಪಡೆ ತಂದು ಇಳಿಸುತ್ತಾನೆ. ಒಬ್ಬ ನಡೆಯುತ್ತಾನೆ, ಇನ್ನೊಬ್ಬ ರೈಲಿನಲ್ಲಿ ಬರುತ್ತಾನೆ. ಯಾರು ಮೊದಲು ತಲುಪುತ್ತಾರೆ, ಹೇಳಿ?

1916ರ ಜುಲೈ 1ರಂದು ಸೋಮ್ ನದಿ ದಂಡೆಯಲ್ಲಿ ಬ್ರಿಟಿಷರು ಏಳು ದಿನ ತೋಪು ಹಾರಿಸಿ ಮೇಲೆದ್ದರು. ಆ ಒಂದು ದಿನ ಅವರಲ್ಲಿ 57,470 ಜನ ಸತ್ತರು ಅಥವಾ ಗಾಯಗೊಂಡರು ಇಲ್ಲವೇ ಕಾಣೆಯಾದರು. ಸತ್ತವರೇ 19,240. ಯುದ್ಧ ಅಲ್ಲಿ ನವೆಂಬರ್‌ವರೆಗೆ ನಡೆಯಿತು. ಅದೇ ವರ್ಷ ವೆರ್ದೂನ್ ಎಂಬಲ್ಲಿ ಫೆಬ್ರವರಿಯಿಂದ ಡಿಸೆಂಬರ್‌ವರೆಗೆ ಫ್ರೆಂಚರೂ ಜರ್ಮನ್ನರೂ ಸೇರಿ ಸುಮಾರು ಮೂರು ಲಕ್ಷ ಜನ ಸತ್ತರು. ಗಡಿ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ವೆರ್ದೂನ್‌ನ ದೊಡ್ಡ ರೈಲು ದಾರಿಗಳು ಜರ್ಮನ್ ತೋಪಿಗೆ ಸಿಕ್ಕು ನಿಂತಿದ್ದವು. ಆಗ ಫ್ರೆಂಚರು ಒಂದೇ ಒಂದು ಡಾಂಬರಿಲ್ಲದ ರಸ್ತೆಯಲ್ಲಿ ಲಾರಿ ಓಡಿಸಿದರು, ಜೋರಿದ್ದಾಗ 14 ಸೆಕೆಂಡಿಗೆ ಒಂದರಂತೆ. ಕೆಟ್ಟ ಲಾರಿಯನ್ನು ರಿಪೇರಿ ಮಾಡಲು ನಿಲ್ಲುವ ಹಾಗಿಲ್ಲ, ಹಳ್ಳಕ್ಕೆ ತಳ್ಳಿ ಮುಂದೆ ಹೋಗುವುದು. ರಸ್ತೆ ಬದಿ ಜನ ನಿಂತು ಚಕ್ರದ ಕೆಳಗೆ ಜಲ್ಲಿ ಎರಚುತ್ತಲೇ ಇದ್ದರು.

ಈ ಕಂದಕಗಳಿಗೆ ನಮ್ಮವರೂ ಹೋದರು. 1914ರ ಸೆಪ್ಟೆಂಬರ್ ಕೊನೆಗೆ ಭಾರತೀಯ ಪಡೆ ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿಯಿತು. ಅಕ್ಟೋಬರಿನಲ್ಲೇ ಬೆಲ್ಜಿಯಂನ ಈಪ್ರ್ ಬಳಿ ಯುದ್ಧಕ್ಕಿಳಿದರು. ಆ ಚಳಿಗೆ ತಕ್ಕ ಬಟ್ಟೆಯೂ ಸರಿಯಾಗಿ ಇರಲಿಲ್ಲ. 1915ರ ಕೊನೆಗೆ ಕಾಲಾಳು ಪಡೆಯನ್ನು ಅಲ್ಲಿಂದ ಇರಾಕಿನ ಕಡೆಗೆ ಸಾಗಿಸಿದರು. ಅಲ್ಲಿ ಕೂತ್ ಊರಿನಲ್ಲಿ, ಜರ್ಮನಿಯ ಕಡೆ ಸೇರಿದ್ದ ತುರ್ಕರ ಮುತ್ತಿಗೆಗೆ ಸಿಕ್ಕಿ, ಹಸಿದು ಕುದುರೆ ಕೊಯ್ದು ತಿಂದು, 1916ರ ಏಪ್ರಿಲ್‌ನಲ್ಲಿ ಶರಣಾದವರಲ್ಲಿ ಬಹುಪಾಲು ಭಾರತೀಯರು. ಒಟ್ಟು ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಸಮುದ್ರ ದಾಟಿದರು. ಸುಮಾರು 74,000 ಜನ ಹಿಂತಿರುಗಲಿಲ್ಲ.

ಗೆರೆ ಅಲುಗದಿದ್ದಾಗ ಯುದ್ಧ ಬೇರೆ ಕಡೆಗೆ ತಿರುಗಿತು: ಮನೆಗಳ ಕಡೆಗೆ, ಅಡುಗೆಮನೆಯ ಕಡೆಗೆ. ಬ್ರಿಟಿಷ್ ನೌಕಾಪಡೆ ಜರ್ಮನಿಗೆ ಹಡಗು ಹೋಗದಂತೆ ಸಮುದ್ರ ಮುಚ್ಚಿತು. ಮೊದಲು ಕಡಿದುಹೋದದ್ದು ಚಿಲಿ ದೇಶದ ಸಾಲ್ಟ್‌ಪೀಟರ್. ಗೊಬ್ಬರಕ್ಕೂ ಅದೇ, ಸಿಡಿಮದ್ದಿಗೂ ಅದೇ. ಅದಿಲ್ಲದೆ ಜರ್ಮನಿಯ ತೋಪು ಬೇಗನೆ ಸುಮ್ಮನಾಗಬೇಕಿತ್ತು. ಆದರೆ ಫ್ರಿಟ್ಸ್ ಹಾಬರ್ ಎಂಬ ವಿಜ್ಞಾನಿ ಗಾಳಿಯಲ್ಲಿರುವ ಸಾರಜನಕದಿಂದ ಅಮೋನಿಯಾ ಮಾಡುವ ದಾರಿ ಕಂಡುಹಿಡಿದಿದ್ದ. 1913ರಲ್ಲಷ್ಟೇ ಅದರ ಕಾರ್ಖಾನೆ ಶುರುವಾಗಿತ್ತು. ಇವತ್ತು ನಮ್ಮ ಗದ್ದೆಗೆ ಹಾಕುವ ಯೂರಿಯಾ ಕೂಡ ಅದೇ ದಾರಿಯದು. ಅದೇ ಮನುಷ್ಯ 1915ರ ಏಪ್ರಿಲ್ 22ರಂದು ಈಪ್ರ್‌ನಲ್ಲಿ ಕ್ಲೋರಿನ್ ವಿಷಾನಿಲ ಬಿಡಿಸಿದ. ಅವನ ಹೆಂಡತಿ ಕ್ಲಾರಾ ಕೂಡ ರಸಾಯನ ವಿಜ್ಞಾನಿ. ಹತ್ತೇ ದಿನದಲ್ಲಿ ಅವಳು ಗಂಡನ ಪಿಸ್ತೂಲಿನಿಂದ ಗುಂಡು ಹಾರಿಸಿಕೊಂಡು ಸತ್ತಳು. ಅವನಿಗೆ 1918ರ ನೊಬೆಲ್ ಬಂತು.

ಗುಂಡಿಗೆ ದಾರಿ ಸಿಕ್ಕಿತು, ಊಟಕ್ಕೆ ಸಿಗಲಿಲ್ಲ. 1915ರಲ್ಲಿ ಜರ್ಮನ್ ತಜ್ಞರು ಒಂದು ಲೆಕ್ಕ ಹಾಕಿದರು: ಜನ ತಿನ್ನಬೇಕಾದ ಆಲೂಗಡ್ಡೆಯನ್ನು ಹಂದಿಗಳು ತಿನ್ನುತ್ತಿವೆ, ಕಡಿಯಿರಿ. ಲಕ್ಷಗಟ್ಟಲೆ ಹಂದಿ ಕಡಿದರು. ಸ್ವಲ್ಪ ದಿನ ಮಾಂಸವೋ ಮಾಂಸ. ಆಮೇಲೆ ಮಾಂಸವೂ ಇಲ್ಲ, ಕೊಬ್ಬೂ ಇಲ್ಲ, ಹೊಲಕ್ಕೆ ಗೊಬ್ಬರವೂ ಇಲ್ಲ. ಮರುವರ್ಷ ಆಲೂಗಡ್ಡೆಯೇ ಕೊಳೆತು ಹೋಯಿತು. 1916-17ರ ಚಳಿಗಾಲದಲ್ಲಿ ದನಕ್ಕೆ ಹಾಕುವ ಗಡ್ಡೆಯನ್ನು ರೊಟ್ಟಿಗೂ ಬೆರೆಸಿ, ಸಾರಿಗೂ ಹಾಕಿ ತಿಂದರು. ಅದಕ್ಕೆ 'ಟರ್ನಿಪ್ ಚಳಿಗಾಲ' ಎಂದೇ ಹೆಸರು ಬಿತ್ತು. ಕಚೇರಿಯಲ್ಲಿ ಕೂತು ಹಾಕಿದ ಲೆಕ್ಕಕ್ಕೂ ಕೊಟ್ಟಿಗೆಗೂ ಎಷ್ಟು ದೂರ ಅಂತ ರೈತರನ್ನು ಕೇಳಿದ್ದರೆ ಹೇಳುತ್ತಿದ್ದರು, ಅಲ್ವಾ?

ಸಮುದ್ರ ಮುಚ್ಚಿದ್ದರ ಬಿಸಿ ಮೈಸೂರಿಗೂ ತಟ್ಟಿತು. ಸಂಸ್ಥಾನದ ಗಂಧದ ಮರ ಬಹುಪಾಲು ಜರ್ಮನಿಗೆ ಹೋಗಿ, ಅಲ್ಲಿ ಎಣ್ಣೆಯಾಗುತ್ತಿತ್ತು. ಯುದ್ಧ ಬಂದು ಕೊಳ್ಳುವವರೇ ಇಲ್ಲದಾಯಿತು, ಮರ ರಾಶಿ ಬಿತ್ತು. ನಾವೇ ಯಾಕೆ ಎಣ್ಣೆ ತೆಗೆಯಬಾರದು ಅಂತ ನಾಲ್ವಡಿ ಕೃಷ್ಣರಾಜ ಒಡೆಯರ್, ದಿವಾನ್ ವಿಶ್ವೇಶ್ವರಯ್ಯ ಮನಸ್ಸು ಮಾಡಿದರು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಬಂತು. ಎಣ್ಣೆಯಿಂದ ಸಾಬೂನು ಬಂತು. ನಿಮ್ಮ ಬಚ್ಚಲಲ್ಲಿ ಮೈಸೂರ್ ಸ್ಯಾಂಡಲ್ ಇದ್ದರೆ ಅದರ ಹಿಂದೆ ಈ ಯುದ್ಧವಿದೆ ಅಂತ ಮಗಳಿಗೆ ತೋರಿಸಿ.

ಹಸಿವು ಮೊದಲು ಉರುಳಿಸಿದ್ದು ರಷ್ಯಾವನ್ನು. ಅಲ್ಲಿ ಧಾನ್ಯ ಇತ್ತು, ಊರಿಗೆ ತರಲು ರೈಲು ಇರಲಿಲ್ಲ. ಇದ್ದ ಎಂಜಿನ್ನುಗಳೆಲ್ಲ ಸೈನ್ಯಕ್ಕೆ ದುಡಿದು ಕೆಟ್ಟು ಕೂತಿದ್ದವು. 1917ರ ಮಾರ್ಚ್ 8ರಂದು, ಮಹಿಳಾ ದಿನದಂದು, ರಾಜಧಾನಿ ಪೆಟ್ರೊಗ್ರಾಡ್‌ನ ಹೆಂಗಸರು ರೊಟ್ಟಿ ಬೇಕು ಅಂತ ಬೀದಿಗಿಳಿದರು. ಗುಂಡು ಹಾರಿಸಿ ಅಂದರೆ ಸೈನಿಕರೇ ಅವರ ಜೊತೆ ಸೇರಿದರು. ಚಕ್ರವರ್ತಿ ನಿಕೊಲಾಸ್ ಯುದ್ಧ ಶಿಬಿರದಿಂದ ತನ್ನ ರೈಲಿನಲ್ಲಿ ಮನೆಗೆ ಹೊರಟ. ಮುಂದಿನ ಹಳಿ ಬಂಡುಕೋರರ ಕೈಯಲ್ಲಿದೆ ಅಂತ ದಾರಿಯಲ್ಲಿ ಗೊತ್ತಾಯಿತು. ರೈಲು ಅಲ್ಲಿ ಇಲ್ಲಿ ತಿರುಗಿ ಪ್ಸ್ಕೋವ್ ಸ್ಟೇಷನ್ನಿನಲ್ಲಿ ನಿಂತಿತು. ಮಾರ್ಚ್ 15ರಂದು ಆ ಬೋಗಿಯಲ್ಲೇ ಕೂತು ಪಟ್ಟ ಬಿಟ್ಟುಕೊಟ್ಟ.

ಮುಂದಿನ ತಿಂಗಳೇ ಇನ್ನೊಂದು ರೈಲು. ಸ್ವಿಟ್ಜರ್ಲೆಂಡಿನಲ್ಲಿದ್ದ ರಷ್ಯನ್ ಕ್ರಾಂತಿಕಾರಿ ಲೆನಿನ್‌ನನ್ನು ರಷ್ಯಾಕ್ಕೆ ಬಿಟ್ಟರೆ ಅಲ್ಲಿ ಗಲಾಟೆ ಹೆಚ್ಚುತ್ತದೆ, ನಮ್ಮ ಕೆಲಸ ಹಗುರಾಗುತ್ತದೆ ಎಂದು ಜರ್ಮನಿ ಲೆಕ್ಕ ಹಾಕಿತು. ತನ್ನ ದೇಶದ ಮೇಲೇ ಹಾದು ಹೋಗಲು ಮುಚ್ಚಿದ ಬೋಗಿ ಕೊಟ್ಟಿತು. ಒಳಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಆ ಕಡೆ ಜರ್ಮನ್ ಅಧಿಕಾರಿಗಳು, ಈ ಕಡೆ ರಷ್ಯನ್ನರು. ಸಿಗರೇಟು ಸೇದುವವರೆಲ್ಲ ಕಕ್ಕಸಿನಲ್ಲೇ ಹೋಗಿ ಕೂರುತ್ತಿದ್ದರಂತೆ, ಲೆನಿನ್ ಅದಕ್ಕೂ ಚೀಟಿ ಪದ್ಧತಿ ಮಾಡಿದ! ನವೆಂಬರ್‌ನಲ್ಲಿ ಅವನ ಪಕ್ಷ ಅಧಿಕಾರ ಹಿಡಿಯಿತು. 1918ರ ಮಾರ್ಚ್ 3ರಂದು ಬ್ರೆಸ್ಟ್-ಲಿಟೊವ್ಸ್ಕ್‌ನಲ್ಲಿ ರಷ್ಯಾ ತನ್ನ ಮೂರನೇ ಒಂದು ಭಾಗ ಜನರಿರುವ ನೆಲ ಬಿಟ್ಟುಕೊಟ್ಟು ಯುದ್ಧದಿಂದ ಹೊರಬಂತು. ಆಮೇಲೆ ನಮಗೆ ಅನ್ಯಾಯವಾಯಿತು ಅಂತ ಅತ್ತ ಜರ್ಮನಿ, ತಾನು ಗೆದ್ದಾಗ ಎಷ್ಟು ಕಿತ್ತುಕೊಂಡಿತು ಅನ್ನುವುದನ್ನು ಇಲ್ಲಿ ನೋಡಬೇಕು.

ಅಷ್ಟರಲ್ಲಿ ಅದು ಇನ್ನೊಂದು ತಪ್ಪು ಮಾಡಿತ್ತು. ಬ್ರಿಟನ್ನಿಗೂ ಹಸಿವು ಕಾಣಲಿ ಅಂತ 1917ರ ಫೆಬ್ರವರಿಯಿಂದ ಕಂಡ ಕಂಡ ಹಡಗುಗಳನ್ನೆಲ್ಲ ಜಲಾಂತರ್ಗಾಮಿಗಳಿಂದ ಮುಳುಗಿಸತೊಡಗಿತು. ಜೊತೆಗೆ ಅಮೆರಿಕದ ಮೇಲೆ ಬೀಳಿ ಅಂತ ಮೆಕ್ಸಿಕೋಗೆ ಕಳಿಸಿದ ಗುಟ್ಟಿನ ತಂತಿ ಬ್ರಿಟಿಷರ ಕೈಗೆ ಸಿಕ್ಕಿತು. ಏಪ್ರಿಲ್ 6ಕ್ಕೆ ಅಮೆರಿಕ ಯುದ್ಧಕ್ಕಿಳಿಯಿತು.

ಅಮೆರಿಕನ್ನರು ಬಂದು ಸೇರುವ ಮುಂಚೆ ಮುಗಿಸಬೇಕು ಅಂತ ಜರ್ಮನ್ ಸೇನಾಪತಿ ಲುಡೆನ್‌ಡಾರ್ಫ್ 1918ರ ಮಾರ್ಚ್ 21ರಂದು ಕೊನೆಯ ದೊಡ್ಡ ದಾಳಿ ಮಾಡಿದ. ಗೆರೆ ಒಡೆಯಿತು, ಅರವತ್ತು ಕಿಲೋಮೀಟರಿನಷ್ಟು ಮುಂದೆ ಹೋದರು. ಹೊಡೆಯಬೇಕಾಗಿದ್ದು ಆಮಿಯಾ ಎಂಬ ರೈಲ್ವೆ ಜಂಕ್ಷನ್. ದಾರಿಯಲ್ಲಿ ಬ್ರಿಟಿಷರ ಉಗ್ರಾಣಗಳು ಸಿಕ್ಕವು. ವರ್ಷಗಟ್ಟಲೆ ಗಡ್ಡೆ ತಿಂದವರಿಗೆ ಬಿಳಿ ರೊಟ್ಟಿ, ಮಾಂಸ, ಕಾಫಿ, ವೈನ್ ಕಂಡಿತು. ಎಷ್ಟೋ ಕಡೆ ಪಡೆಗಳು ಅಲ್ಲೇ ಕೂತುಬಿಟ್ಟವು. ಶತ್ರು ಸೋಲುತ್ತಿದ್ದಾನೆ ಅಂತ ಅವರಿಗೆ ಮೂರು ವರ್ಷ ಹೇಳಿದ್ದರು. ಸೋಲುವವರ ಉಗ್ರಾಣ ಹೀಗಿರುತ್ತದಾ? ಆಮಿಯಾ ಸಿಗಲೇ ಇಲ್ಲ. ಆಗಸ್ಟ್ 8ರಂದು ಅದೇ ಆಮಿಯಾದಿಂದ ಟ್ಯಾಂಕು, ವಿಮಾನ ಜೊತೆಗಿಟ್ಟುಕೊಂಡು ಎದುರಾಳಿಗಳು ತಿರುಗಿಬಿದ್ದರು. ಆವತ್ತು ಜರ್ಮನ್ ಸೈನಿಕರು ಗುಂಪುಗುಂಪಾಗಿ ಶರಣಾದರು.

ಉಳಿದ ಕಡೆಯೂ ಕುಸಿತ ಶುರುವಾಯಿತು. ಇಲ್ಲಿ ನಮ್ಮವರ ಒಂದು ದಿನವಿದೆ: 1918ರ ಸೆಪ್ಟೆಂಬರ್ 23, ಈಗಿನ ಇಸ್ರೇಲಿನ ಹೈಫಾ. ಬಂದರೂ ಹೌದು, ರೈಲು ದಾರಿಯ ತುದಿಯೂ ಹೌದು. ಅದು ಸಿಗದಿದ್ದರೆ ಉತ್ತರಕ್ಕೆ ಹೋಗುವ ಬ್ರಿಟಿಷ್ ಸೈನ್ಯಕ್ಕೆ ಸಾಮಾನು ಸಾಗಿಸುವುದು ಕಷ್ಟ. ಕಾರ್ಮೆಲ್ ಬೆಟ್ಟದ ಮೇಲೆ ತೋಪು, ಕೆಳಗೆ ಮಷಿನ್‌ಗನ್, ಬದಿಯಲ್ಲಿ ಜೌಗು ನದಿ. ಮೈಸೂರು ಲ್ಯಾನ್ಸರ್ಸ್‌ನ ಒಂದು ತುಕಡಿ ಬೆಟ್ಟ ಹತ್ತಿ ಹಿಂದಿನಿಂದ ತೋಪುಗಳ ಮೇಲೆ ಬಿತ್ತು. ಉಳಿದವರು ಕೆಳಗಿನಿಂದ ಗುಂಡಿನ ಆಸರೆ ಕೊಟ್ಟರು. ಜೋಧಪುರದ ಸವಾರರು ಭರ್ಜಿ ಹಿಡಿದು ನೇರವಾಗಿ ಊರಿಗೆ ನುಗ್ಗಿದರು, ಮೈಸೂರಿನವರು ಬೆನ್ನಿಗೇ ಹೋದರು. ಜೋಧಪುರದ ಮೇಜರ್ ದಳಪತ್ ಸಿಂಗ್ ಸೇರಿ ಎಂಟು ಜನ ಸತ್ತರು, 34 ಜನ ಗಾಯಗೊಂಡರು, 60 ಕುದುರೆ ಹೋದವು. 1,350 ಸೆರೆಯಾಳು, 17 ತೋಪು ಸಿಕ್ಕವು. ಮಷಿನ್‌ಗನ್ ಎದುರು ಕುದುರೆ ಗೆದ್ದದ್ದು ಈ ಯುದ್ಧದಲ್ಲಿ ಬಹಳ ಅಪರೂಪ. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಒಂದು ಸ್ಮಾರಕವಿದೆ. ದಿನಾ ಅದರ ಪಕ್ಕ ಓಡಾಡುವವರಿಗೂ ಗೊತ್ತಿರುವುದಿಲ್ಲ. ಒಂದು ಭಾನುವಾರ ಮಗಳನ್ನು ಕರೆದುಕೊಂಡು ಹೋಗಿ ಬನ್ನಿ.

ಈಗ ಮೂರನೇ ಪ್ರಶ್ನೆ. ಇದಕ್ಕೆ ಸಾಮಾನ್ಯವಾಗಿ ಕೊಡುವ ಉತ್ತರ 'ವರ್ಸೇಲ್ಸ್ ಒಪ್ಪಂದ ಬಹಳ ಕಠಿಣವಾಗಿತ್ತು' ಎಂದು. ನನಗೆ ಅದು ಅರ್ಧ ಉತ್ತರ ಅನ್ನಿಸುತ್ತದೆ. ಅದಕ್ಕೂ ಮುಂಚೆ ನಡೆದ ಒಂದು ಕೈಚಳಕವನ್ನು ನೋಡಬೇಕು.

ಸೆಪ್ಟೆಂಬರ್ 29ರಂದು ಲುಡೆನ್‌ಡಾರ್ಫ್ ತಾನೇ ಚಕ್ರವರ್ತಿಯ ಎದುರು ಹೋಗಿ, ಸೋತೆವು, ಕೂಡಲೇ ಕದನ ನಿಲ್ಲಿಸಲು ಕೇಳಿ ಎಂದ. ಆದರೆ ಕೇಳುವವರು ಯಾರು? ತಾನಲ್ಲ. ಹೊಸ ಸರ್ಕಾರ ಮಾಡಿ ಸಂಸತ್ತಿನ ಪಕ್ಷಗಳವರನ್ನು ಒಳಗೆ ತನ್ನಿ, ಅವರು ಮಾಡಿದ ಅಡುಗೆಯನ್ನು ಅವರೇ ಉಣ್ಣಲಿ ಎನ್ನುವ ಅರ್ಥದ ಮಾತನ್ನು ತನ್ನ ಅಧಿಕಾರಿಗಳಿಗೆ ಹೇಳಿದ. ನಮ್ಮಲ್ಲಿ 'ಮಾಡಿದ್ದುಣ್ಣೋ ಮಹಾರಾಯ' ಅನ್ನುತ್ತಾರಲ್ಲ, ಈ ಮಹಾರಾಯ ತಾನು ಮಾಡಿದ್ದನ್ನು ಪಕ್ಕದವರ ಎಲೆಗೆ ಬಡಿಸಿದ.

ನವೆಂಬರ್‌ನಲ್ಲಿ ಕೀಲ್ ಬಂದರಿನ ನಾವಿಕರು ದಂಗೆ ಎದ್ದರು. 9ರಂದು ವಿಲ್ಹೆಲ್ಮ್‌ನ ಪಟ್ಟ ಹೋಯಿತು, ಮರುದಿನ ಅವನು ರೈಲು ಹತ್ತಿ ಹಾಲೆಂಡಿಗೆ ಹೋದ. ಫ್ರಾನ್ಸಿನ ಕಾಂಪಿಯೆನ್ ಕಾಡಿನಲ್ಲಿ, ತೋಪು ಸಾಗಿಸಲು ಹಾಕಿದ್ದ ಹಳಿಯ ಮೇಲೆ, ಜರ್ಮನಿಯ ಎದುರಾಳಿಗಳ ಒಟ್ಟು ಸೇನಾಪತಿ ಮಾರ್ಷಲ್ ಫೋಶ್‌ನ ರೈಲು ನಿಂತಿತ್ತು. ಊಟದ ಬೋಗಿಯನ್ನು ಕಚೇರಿ ಮಾಡಿಕೊಂಡಿದ್ದ. ನವೆಂಬರ್ 11ರ ಬೆಳಗಿನ ಜಾವ ಐದರ ನಂತರ ಅಲ್ಲಿ ಸಹಿ ಬಿತ್ತು. ಕದನ ನಿಲ್ಲುವುದು ಹನ್ನೊಂದು ಗಂಟೆಗೆ ಎಂದಾಯಿತು. ನಡುವಿನ ಆ ಆರು ಗಂಟೆಯಲ್ಲೂ ಜನ ಸಾಯುತ್ತಲೇ ಇದ್ದರು. ಷರತ್ತುಗಳಲ್ಲಿ ಒಂದು: ಜರ್ಮನಿ 5,000 ಎಂಜಿನ್, 1,50,000 ರೈಲು ಬೋಗಿ ಒಪ್ಪಿಸಬೇಕು. ಫೋಶ್‌ಗೆ ಯಾವುದನ್ನು ಕಿತ್ತುಕೊಳ್ಳಬೇಕು ಅಂತ ಸರಿಯಾಗಿ ಗೊತ್ತಿತ್ತು.

ಜರ್ಮನಿಯ ಪರವಾಗಿ ಮೊದಲ ಸಹಿ ಹಾಕಿದವನು ಮಥಿಯಾಸ್ ಎರ್ಜ್‌ಬರ್ಗರ್. ಸೇನಾಪತಿಯಲ್ಲ, ಸಂಸತ್ತಿನ ಸದಸ್ಯ. 1921ರಲ್ಲಿ ಅವನು ರಜೆಯಲ್ಲಿ ವಾಕಿಂಗ್ ಹೋಗಿದ್ದಾಗ ಉಗ್ರರು ಗುಂಡಿಟ್ಟು ಕೊಂದರು. ದೇಶ ಮಾರಿದವನು ಅಂತ ಅವನ ಮೇಲಿನ ಆರೋಪ.

ಇದನ್ನು ಜರ್ಮನಿಯ ಸಾಮಾನ್ಯ ಮನುಷ್ಯನ ಕಣ್ಣಿನಿಂದ ನೋಡಿ. ಕದನ ನಿಂತಾಗ ಅವನ ನೆಲದಲ್ಲಿ ಶತ್ರು ಸೈನ್ಯ ಹೆಚ್ಚುಕಡಿಮೆ ಇರಲೇ ಇಲ್ಲ. ಮಾರ್ಚ್‌ನಲ್ಲಿ ಗೆಲ್ಲುತ್ತಿದ್ದೇವೆ ಅಂತ ಪತ್ರಿಕೆಯಲ್ಲಿ ಓದಿದ್ದ. ನವೆಂಬರ್‌ನಲ್ಲಿ ಸೋತೆವು ಅಂದರು. ಡಿಸೆಂಬರ್‌ನಲ್ಲಿ ಬರ್ಲಿನ್ನಿಗೆ ವಾಪಸು ಬಂದ ಪಡೆಗಳನ್ನು ಸ್ವಾಗತಿಸುತ್ತಾ ಹೊಸ ಸರ್ಕಾರದ ಮುಖ್ಯಸ್ಥ ಏಬರ್ಟ್ 'ಯಾವ ಶತ್ರುವೂ ನಿಮ್ಮನ್ನು ಸೋಲಿಸಲಿಲ್ಲ' ಎಂದುಬಿಟ್ಟ. ಸಮಾಧಾನಕ್ಕೆ ಹೇಳಿದ ಮಾತು. ಹಾಗಾದರೆ ಸೋಲಿಸಿದ್ದು ಯಾರು? ಒಳಗಿನವರು, ಸಮಾಜವಾದಿಗಳು, ಯಹೂದಿಗಳು ಬೆನ್ನಿಗೆ ಚೂರಿ ಹಾಕಿದರು ಅಂತ ಕಥೆ ಹುಟ್ಟಿತು. ಲುಡೆನ್‌ಡಾರ್ಫ್ ಅದನ್ನು ಊರೆಲ್ಲ ಸಾರಿದ. 1923ರಲ್ಲಿ ಮ್ಯೂನಿಕ್‌ನಲ್ಲಿ ಹಿಟ್ಲರ್ ಮೊದಲ ಸಲ ದಂಗೆ ಎದ್ದಾಗ ಅವನ ಪಕ್ಕದಲ್ಲಿ ಹೆಜ್ಜೆ ಹಾಕಿದವನೂ ಇದೇ ಲುಡೆನ್‌ಡಾರ್ಫ್.

ಇದರ ಮೇಲೆ ವರ್ಸೇಲ್ಸ್ ಬಂತು. 1919ರ ಜೂನ್ 28, ಸರಾಯೆವೊ ಕೊಲೆಗೆ ಸರಿಯಾಗಿ ಐದು ವರ್ಷ. ಹೊಣೆಯೆಲ್ಲ ಜರ್ಮನಿ ಮತ್ತು ಅದರ ಜೊತೆಗಾರರದ್ದು ಅಂತ 231ನೇ ವಿಧಿ. ಸೈನ್ಯ ಒಂದು ಲಕ್ಷ ದಾಟಬಾರದು. ಪರಿಹಾರ 13,200 ಕೋಟಿ ಚಿನ್ನದ ಮಾರ್ಕ್ ಅಂತ 1921ರಲ್ಲಿ ಗೊತ್ತು ಮಾಡಿದರು. ಆ ಲೆಕ್ಕಕ್ಕಾಗಿ ಎತ್ತಿದ ಸಾಲದ ಕೊನೆಯ ಕಂತು ತೀರಿದ್ದು 2010ರ ಅಕ್ಟೋಬರ್ 3ರಂದು! ಸಹಿ ಬೀಳುವವರೆಗೂ ಸಮುದ್ರ ಮುಚ್ಚಿಯೇ ಇತ್ತು, ಅಂದರೆ ಕದನ ನಿಂತ ಮೇಲೂ ತಿಂಗಳುಗಟ್ಟಲೆ ಹಸಿವು. ಒಪ್ಪಂದ ಜರ್ಮನಿಯನ್ನು ಅವಮಾನ ಮಾಡುವಷ್ಟು ಕಠಿಣವಾಗಿತ್ತು, ಮತ್ತೆ ಏಳದಂತೆ ಮಾಡುವಷ್ಟು ಕಠಿಣವಾಗಿರಲಿಲ್ಲ. ಅದನ್ನು ಕಾಯಬೇಕಾದ ಅಮೆರಿಕದ ಸೆನೆಟ್ ಅದಕ್ಕೆ ಒಪ್ಪಲೂ ಇಲ್ಲ.

ಒಟ್ಟು ಲೆಕ್ಕ: ಸುಮಾರು 90 ಲಕ್ಷದಿಂದ ಒಂದು ಕೋಟಿ ಸೈನಿಕರ ಸಾವು. ಜರ್ಮನಿ, ಆಸ್ಟ್ರಿಯಾ-ಹಂಗೆರಿ, ರಷ್ಯಾ, ತುರ್ಕಿ, ಈ ನಾಲ್ಕು ಸಾಮ್ರಾಜ್ಯಗಳು ಹೋದವು. ಬ್ರಿಟನ್, ಫ್ರಾನ್ಸ್ ಅರಬರ ನೆಲವನ್ನು ಹಂಚಿಕೊಂಡು ಎಳೆದ ಗೆರೆಗಳ ಜಗಳ ಇವತ್ತಿನ ಪತ್ರಿಕೆಯಲ್ಲೂ ಇದೆ. ಸೈನಿಕರ ಹಡಗು, ರೈಲುಗಳಲ್ಲೇ ಇನ್‌ಫ್ಲುಯೆಂಜಾ ಜ್ವರವೂ ಊರೂರು ತಿರುಗಿತು. ಭಾರತದಲ್ಲೇ ಒಂದು ಕೋಟಿಗೂ ಮೀರಿ ಜನ ಅದಕ್ಕೆ ಬಲಿಯಾದರು. 1921ರ ಜನಗಣತಿಯಲ್ಲಿ ದೇಶದ ಜನಸಂಖ್ಯೆ ಹತ್ತು ವರ್ಷದ ಹಿಂದಿಗಿಂತ ಕಡಿಮೆ ಇತ್ತು. ಯುದ್ಧಕ್ಕೆ ಜನ, ಹಣ ಕೊಟ್ಟರೆ ಸ್ವರಾಜ್ಯ ಸಿಗಬಹುದು ಅಂತ ಕಾದ ನಮ್ಮವರಿಗೆ 1919ರಲ್ಲಿ ಸಿಕ್ಕಿದ್ದು ರೌಲಟ್ ಕಾಯ್ದೆ, ಏಪ್ರಿಲ್ 13ರ ಜಲಿಯನ್‌ವಾಲಾ ಬಾಗ್.

ಕಾಂಪಿಯೆನ್‌ನ ಆ ಬೋಗಿಯ ಕಥೆ ಹೇಳಿ ಮುಗಿಸುತ್ತೇನೆ. ಫ್ರೆಂಚರು ಅದನ್ನು ಅದೇ ಕಾಡಿನಲ್ಲಿ ಮ್ಯೂಸಿಯಂ ಕಟ್ಟಿ ಇಟ್ಟಿದ್ದರು. 1940ರ ಜೂನ್‌ನಲ್ಲಿ ಫ್ರಾನ್ಸ್ ಸೋತಾಗ ಹಿಟ್ಲರ್ ಆ ಮ್ಯೂಸಿಯಂನ ಗೋಡೆ ಒಡೆಸಿ, ಬೋಗಿಯನ್ನು ಹೊರಗೆಳೆಸಿ, 1918ರಲ್ಲಿ ನಿಂತಿದ್ದ ಜಾಗದಲ್ಲೇ ನಿಲ್ಲಿಸಿದ. ಫೋಶ್ ಕೂತಿದ್ದ ಕುರ್ಚಿಯಲ್ಲಿ ಕೂತ. ಫ್ರೆಂಚರ ಕೈಲಿ ಅಲ್ಲಿ ಸಹಿ ಹಾಕಿಸಿ ಬೋಗಿಯನ್ನು ಬರ್ಲಿನ್ನಿಗೆ ಸಾಗಿಸಿದ. 1945ರಲ್ಲಿ ಅದು ಜರ್ಮನಿಯಲ್ಲೇ ನಾಶವಾಯಿತು. ಈಗ ಕಾಂಪಿಯೆನ್‌ಗೆ ಹೋದರೆ ನೋಡಲು ಸಿಗುವುದು ಅದೇ ಮಾದರಿಯ ಇನ್ನೊಂದು ಬೋಗಿ. ಹಳೆಯದರ ನಂಬರ್ 2419 ಅನ್ನು ಅದರ ಮೇಲೆ ಬರೆದಿದ್ದಾರೆ.